ಬೀಗ ಬಿದ್ದ ಆಫೀಸು

"ಬೀಗ ಹಾಕಿದಾರಲ್ಲೇ, ಆಫೀಸು ಮುಚ್ಚಿರ್ಬೇಕು," ಎಂದರು ಗಿರಿಜಾಂಬಾ ಅಜ್ಜಿ, ಮೊಬೈಲಿನ ಪರದೆಯ ಮೇಲ್ತುದಿಯಲ್ಲಿದ್ದ ಪುಟ್ಟ ಬೀಗದ ಚಿತ್ರ ತೋರಿಸಿ.

ಮೊಮ್ಮಗಳು ಭುವನಾ ಕಿಸಕ್ಕನೆ ನಕ್ಕಳು. ಐದನೇ ಕ್ಲಾಸಿನವಳಿಗೆ ಗೊತ್ತಿರುವುದು ಅಜ್ಜಿಗೆ ಗೊತ್ತಿಲ್ಲವಲ್ಲ!

ವಸತಿ ಶಾಲೆಯ ಪರೀಕ್ಷೆಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಮನೆಯಲ್ಲಿ ನೆಟ್‌ವರ್ಕ್ ಸತ್ತಿತ್ತು. ಅದಕ್ಕೇ ಇಬ್ಬರೂ ಬಣಕಲ್ ಪೇಟೆಗೆ ಬಂದು, ವಿಶ್ವನಾಥನ ಹೋಟೆಲಿನ ವೈಫೈ ಹಿಡಿದು ಕೂತಿದ್ದರು.

ವಿಶ್ವನಾಥ ಸಾಮಾನ್ಯದವನಲ್ಲ. ಅವನ ಗಲ್ಲಾದ ಹತ್ತಿರ ಯಾರಾದರೂ ಕೆಮ್ಮಿದರೆ, ಬಸ್ಸಿಗಿಂತ ಮೊದಲೇ ಮೂಡಿಗೆರೆಗೆ ಜ್ವರದ ಸುದ್ದಿ ಮುಟ್ಟುತ್ತಿತ್ತು.

ಅರ್ಜಿಯಲ್ಲಿ ಗಣಿತದ ಮಾರ್ಕ್ಸ್ ಕೇಳಿದ್ದರು. ಭುವನಾಳದ್ದು ನೂರಕ್ಕೆ ಮೂವತ್ತೆಂಟು.

"ಏನು ಪುಟ್ಟಿ, ಗುಟ್ಟಾಗಿ ಬರೀತಿದ್ದಿ?" ಗಲ್ಲಾದಿಂದ ವಿಶ್ವನಾಥ ಕೇಳಿದ. "ಎಲ್ಲ ನಮ್ಮ ವೈಫೈ ಡಬ್ಬಿ ದಾಟೇ ಹೋಗ್ಬೇಕು ಮಾರಾಯ್ತಿ."

ಭುವನಾಳ ಬೆರಳು ಅಲ್ಲೇ ನಿಂತಿತು. ಮೂವತ್ತೆಂಟು ಎಂದು ಇವನು ನಾಳೆ ಊರಿಗೆಲ್ಲ ಹೇಳಿದರೆ?

"ಹಂಗಾರೆ ಆ ಬೀಗ ಯಾಕೆ?" ಎಂದರು ಅಜ್ಜಿ.

ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಓದಬಾರದು ಅಂತ, ಎಂದು ಟೀಚರ್ ಹೇಳಿದ್ದನ್ನೇ ಭುವನಾ ಒಪ್ಪಿಸಿದಳು. ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಅಜ್ಜಿಗೆ ಹಳೆಯದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಕಳಸದ ತವರಿಗೆ ಬಸ್ ಕಂಡಕ್ಟರ್ ಕೈಲಿ ಚೀಟಿ ಕಳಿಸುತ್ತಿದ್ದರಂತೆ. ಒಮ್ಮೆ ಅತ್ತೆಯ ಸಾರು ಸಪ್ಪೆ ಎಂದು ಬರೆದರು. ಬಸ್ಸಿನವರೆಲ್ಲ ಓದಿದರು. ಸಂಜೆಯೊಳಗೆ ಅತ್ತೆಗೂ ಗೊತ್ತಾಯಿತು! ಆಮೇಲೆ ಅಜ್ಜಿ ಚೀಟಿಯನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿದರು. ಒಂದು ಕೀಲಿ ತಮ್ಮಲ್ಲಿ, ಇನ್ನೊಂದು ಅಮ್ಮನ ಹತ್ತಿರ. ಡಬ್ಬಿ ಯಾರದು, ಎಲ್ಲಿಗೆ ಅನ್ನುವುದಷ್ಟೇ ಕಂಡಕ್ಟರ್‌ಗೆ ಗೊತ್ತು.

"ಇವ್ನೂ ಒಬ್ಬ ಕಂಡಕ್ಟರು," ಎಂದು ಅಜ್ಜಿ ಗಲ್ಲಾದ ಕಡೆ ಮೂತಿ ತಿರುವಿದರು. "ಡಬ್ಬಿ ಅಲ್ಲಾಡಿಸ್ಕೊಂಡು ಕೂತಿರ್ಲಿ. ನೀನು ಅಡ್ರೆಸ್ ಸರಿ ಇದ್ಯಾ ನೋಡು. ಬೀಗ ಹಾಕಿ ಕಳ್ಳನ ಮನೆಗೇ ಕಳಿಸೀಯ."

ಅಡ್ರೆಸ್ ನೋಡಬೇಕು ಅನ್ನುವುದು ಭುವನಾಳಿಗೆ ಹೊಳೆದೇ ಇರಲಿಲ್ಲ. ಶಾಲೆಯಲ್ಲಿ ಕೊಟ್ಟ ಕಾಗದ ಪಕ್ಕದಲ್ಲಿಟ್ಟುಕೊಂಡು ಬೀಗದ ಪಕ್ಕದಲ್ಲಿದ್ದ ವೆಬ್‌ಸೈಟಿನ ಅಡ್ರೆಸ್ಸನ್ನು ಒಂದೊಂದೇ ಅಕ್ಷರ ಹೋಲಿಸಿದಳು. ಸರಿಯಿತ್ತು. ಮೂರು, ಎಂಟು ಒತ್ತಿದಳು. ಅರ್ಜಿ ಹೋಯಿತು.

"ಏನಂತೆ ಅಜ್ಜಿ, ಏನ್ ಕಳಿಸಿದ್ಲು?" ವಿಶ್ವನಾಥ ಕತ್ತು ಉದ್ದ ಮಾಡಿದ.

"ನಿಮ್ ಡಬ್ಬಿ ದಾಟೇ ಹೋಯ್ತಲ್ಲ," ಎಂದಳು ಭುವನಾ. "ಅದನ್ನೇ ಕೇಳಿ ಅಂಕಲ್."

ಅಷ್ಟರಲ್ಲಿ ಕಳಸದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಯಾರದೋ ಮಡಚಿದ ಚೀಟಿಯನ್ನು ಗಲ್ಲಾದ ಮೇಲಿಟ್ಟು ಹೋದ. ವಿಶ್ವನಾಥ ಅತ್ತಿತ್ತ ನೋಡಿ, ಮೆಲ್ಲಗೆ ಅದನ್ನು ಬಿಡಿಸತೊಡಗಿದ. ಭುವನಾ ಅಜ್ಜಿಯ ಮೊಣಕೈ ತಿವಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು.