ಸೋಡಾ ಮುಚ್ಚಳದ ರಾಜ

ಸೋತಾಗ ಹಾಶಿಮ ಬಹಳ ಚೆಂದ ನಗುತ್ತಿದ್ದ. ಗುಲ್ನಾಜ್‌ಳ ಕಷ್ಟವೆಲ್ಲ ಶುರುವಾದದ್ದು ಆ ನಗೆಯಿಂದಲೇ.

ಶಹಾಪುರದ ಬಿ.ಎಡ್. ಕಾಲೇಜಿನಲ್ಲಿ ಇಬ್ಬರದೂ ಒಂದೇ ತರಗತಿ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳು ಕಿಟಕಿ ಪಕ್ಕದ ಬೆಂಚಿನ ಮೇಲೆ ಹಳೆಯ ಫ್ಲೆಕ್ಸ್ ಒಂದನ್ನು ಮಗುಚಿ ಹಾಸುತ್ತಿದ್ದಳು. ಒಂದು ಮಗ್ಗುಲಿಗೆ ಯಾರದೋ ಹುಟ್ಟುಹಬ್ಬದ ಶುಭಾಶಯ, ಇನ್ನೊಂದು ಮಗ್ಗುಲು ಅಚ್ಚ ಬಿಳಿ. ಆ ಬಿಳಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಮನೆ ಮಾಡಿದ್ದಳು. ಕಾಯಿಗಳೆಂದರೆ ಅಬ್ಬಾನ ಕೋಲ್ಡ್ರಿಂಕ್ಸ್ ಅಂಗಡಿಯಲ್ಲಿ ಬಿದ್ದಿರುವ ಸೋಡಾ ಮುಚ್ಚಳಗಳು. ಒಂದು ಮುಚ್ಚಳಕ್ಕೆ ಮಾತ್ರ ಅಮ್ಮಿಯ ಹಳೆಯ ದುಪಟ್ಟಾದ ಜರಿ ಅಂಟಿಸಿದ್ದಳು. ಅವನು ರಾಜ.

ಆಟದ ಹೆಸರು ಕೋಟೆ. ಒಬ್ಬರಿಗೆ ರಾಜ ಮತ್ತು ಅವನ ಕಾವಲಿನವರು, ಇನ್ನೊಬ್ಬರಿಗೆ ದಂಡು. ನಡುವಿನಿಂದ ಹೊರಟ ರಾಜ ಮೂಲೆಯ ಬಾಗಿಲು ಮುಟ್ಟಿದರೆ ಪಾರು, ದಂಡು ಅವನನ್ನು ಸುತ್ತಲೂ ಮುತ್ತಿದರೆ ಕೈದಿ. ದಾಳವಿಲ್ಲ, ಅದೃಷ್ಟವಿಲ್ಲ, ತಲೆ ಓಡಬೇಕು ಅಷ್ಟೇ. ಕೇರಂ ಬೋರ್ಡ್ ಕೊಳ್ಳಲಾಗದ ಹಾಸ್ಟೆಲ್ ಹುಡುಗಿಯರಿಗಾಗಿ ಅವಳೇ ಕೂತು ಕಟ್ಟಿದ ಆಟ. ಅದರ ಬಗ್ಗೆ ಅವಳಿಗೆ ಜಂಬವಿತ್ತು, ಆ ಜಂಬವನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

"ನೋಡ್ರಿ, ನಿಮ್ಮ ರಾಜ ಸಿಕ್ಕಬಿದ್ದ."

"ಮತ್ತ ಸೋತ್ನೇನ್ರಿ?" ಹಾಶಿಮ ಕಣ್ಣೆತ್ತುತ್ತಿದ್ದ. ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನೋಟ ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. "ನಿಮ್ಮ ಮುಂದ ನಂದೇನ್ ನಡೀತದ್ರಿ, ಗುಲ್ನಾಜ್ ಅವ್ರ."

"ಬೆಣ್ಣಿ ಹಚ್ಚಬ್ಯಾಡ್ರಿ."

"ಹಚ್ಚಿದ್ರ ಕರಗ್ತೀರೇನು?"

ಅವಳು ಮುಚ್ಚಳಗಳನ್ನು ಬಾಚಿಕೊಳ್ಳುತ್ತಿದ್ದಳು. ಕಿವಿ ಬಿಸಿಯಾಗಿರುತ್ತಿತ್ತು. ಗೆದ್ದ ಖುಷಿ ಯಾವುದು, ಆ ನೋಟದ ಖುಷಿ ಯಾವುದು ಎಂದು ಬೇರೆ ಮಾಡಲು ಅವಳಿಗೆ ಆಗುತ್ತಿರಲಿಲ್ಲ.

ಸುರಪುರದ ಒಂದು ಬಾಲಕಿಯರ ಹಾಸ್ಟೆಲಿನಿಂದ ಕರೆ ಬಂತು. ಆಟ ಹುಡುಗಿಯರಿಗೆ ಹಿಡಿಸಿದರೆ ಸುತ್ತಲಿನ ಹಾಸ್ಟೆಲ್‌ಗಳಿಗೂ ತಾನೇ ಹೇಳುವುದಾಗಿ ವಾರ್ಡನ್ ಕಲ್ಯಾಣಮ್ಮ ಮಾತು ಕೊಟ್ಟಿದ್ದರು. ಗುಲ್ನಾಜ್ ಇದ್ದುದರಲ್ಲೇ ಒಳ್ಳೆಯ ಚೂಡಿದಾರ್ ಹಾಕಿಕೊಂಡು ಹೋದಳು. ಫ್ಲೆಕ್ಸಿನ ಸುರುಳಿ ಹೊತ್ತು ಹಾಶಿಮನೂ ಬಂದ.

ಊಟದ ಹಾಲಿನಲ್ಲಿ ಹುಡುಗಿಯರು ಸುತ್ತ ಕುಳಿತರು. ರಾಜನ ಕಡೆ ಆಡಿದ ಹುಡುಗಿ ಅವನನ್ನು ನೇರ ಅಂಚಿಗೆ ತಂದಳು, ಅಂಚು ಹಿಡಿದು ಮೂಲೆಗೆ ಓಡಿಸಿದಳು. ಆಟ ಮುಗಿಯಿತು. ಮುಂದಿನವಳೂ ಹಾಗೇ ಮಾಡಿದಳು. ತಡೆಯಲು ದಂಡಿಗೆ ದಾರಿಯೇ ಇರಲಿಲ್ಲ.

"ಮಿಸ್, ರಾಜನ ಕಡೆ ಆಡೋರೇ ಗೆಲ್ತಾರಲ್ರೀ," ಎಂದಿತು ಒಂದು ದನಿ. ದಂಡು ಯಾರಿಗೂ ಬೇಡವಾಯಿತು. ಒಬ್ಬೊಬ್ಬರೇ ಎದ್ದು ಮೊಬೈಲಿನ ಕಡೆ ಹೋದರು.

ಕಲ್ಯಾಣಮ್ಮ ಮುಚ್ಚಳ ಆರಿಸಿ ಕೊಡುತ್ತಾ, "ಐಡಿಯಾ ಛಲೋ ಅದವ್ವಾ. ತಿದ್ದಿಕೊಂಡು ಇನ್ನೊಮ್ಮಿ ಬಾ. ಅವಾಗೂ ಹಿಂಗಾದ್ರ ನಾ ಮತ್ತ ಕರಿಯಂಗಿಲ್ಲ ನೋಡು," ಎಂದರು.

ಬಸ್ ಸ್ಟ್ಯಾಂಡಿನವರೆಗೂ ಅವಳು ಬಿರಬಿರನೆ ನಡೆದಳು. ಅಲ್ಲಿ ನಿಂತು ನೇರ ಕೇಳಿದಳು.

"ಆ ಅಂಚಿನ ದಾರಿ ನಿಮಗ ಕಂಡಿತ್ತೇನ್ರಿ?"

ಹಾಶಿಮ ನೆಲ ನೋಡಿದ. "ಮೊದಲನೇ ದಿನಾನೇ ಕಂಡಿತ್ರಿ."

"ಮತ್ಯಾಕ ಹೋಗ್ಲಿಲ್ಲ?"

"ಗೆದ್ದಾಗ ನೀವು ಗದ್ದ ಎತ್ತಿ ನೋಡ್ತೀರಲ್ಲ, ಅದನ್ನ ನೋಡಬೇಕಂತ ಸೋಲ್ತಿದ್ದೆ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗಿಯೇ ಹೋಗುತ್ತಿದ್ದಳು. ಇಂದು ಮೈಯೆಲ್ಲ ಉರಿಯಿತು. ಮನೆಯಲ್ಲಿ ದಖ್ಖನಿ, ಕಾಲೇಜಿನಲ್ಲಿ ಕನ್ನಡ ಆಡುವವಳಿಗೆ ಸಿಟ್ಟು ಬಂದರೆ ಎರಡೂ ಕಲೆಯುತ್ತಿದ್ದವು.

"ನಕ್ಕೋ, ಬ್ಯಾಡ್ರಿ! ಇಂಥಾ ಪ್ರೀತಿ ನಂಗ ಬ್ಯಾಡ. ನಾ ಏನ್ ಸಣ್ಣ ಕೂಸೇನ್ರಿ, ಸೋತು ಆಡಸಾಕ? ನಾ ಒಂದು ಆಟ ಕಟ್ಟಾಕತ್ತಿದ್ದೆ. ಅದು ಎಲ್ಲಿ ಮುರೀತದಂತ ತೋರಸೋರು ಬೇಕಿತ್ತು. ನೀವು ನಗಕೋತ ಕುಂತ್ರಿ!"

ಪ್ರೀತಿ ಎಂಬ ಮಾತನ್ನು ಇಬ್ಬರೂ ಅಲ್ಲಿಯವರೆಗೆ ಆಡಿರಲಿಲ್ಲ. ಅದು ಜಗಳದಲ್ಲಿ ಹೊರಬಿದ್ದಿತ್ತು. ಅವಳು ಮುಖ ತಿರುಗಿಸಿದಳು. ಅವನು ಸುರುಳಿಯನ್ನು ಎದೆಗವಚಿಕೊಂಡ.

"ತಪ್ಪಾತ್ರಿ," ಎಂದ. "ನಾಳಿಂದ ಗೆಲ್ಲಾಕ ಆಡ್ತೀನಿ."

"ಮುರದ ಹಾಕ್ರಿ. ಕನಿಕರ ತೋರ್ಸಿದ್ರ ನನ್ನ ಮುಂದ ಬರಬ್ಯಾಡ್ರಿ."

ಹಾಶಿಮ ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ಅವಳ ಎದುರು ಕೂತವನೇ ಬೇರೆ. ನಗೆಯಿಲ್ಲ, ಹುಬ್ಬು ಗಂಟಿಕ್ಕಿರುತ್ತಿತ್ತು, ಕಣ್ಣು ಹಾಸಿನ ಮೇಲೆ. ಅವಳು ಅಂಚಿನ ಮನೆಗಳಲ್ಲಿ ಕಂದಕ ಬರೆದು, ಅಲ್ಲಿಗೆ ಬಂದ ರಾಜ ಒಂದು ಸರದಿ ನಿಲ್ಲಬೇಕೆಂದು ನಿಯಮ ಮಾಡಿದಳು. ಅವನು ಅದನ್ನೂ ಮುರಿದ. ಬಾಗಿಲುಗಳ ಜಾಗ ಬದಲಿಸಿದಳು.

"ಈಗ?"

"ಈಗೂ ಮುರೀತದ. ನೋಡ್ರಿ ಬೇಕಾದ್ರ," ಎಂದು ಮತ್ತೆ ಗೆದ್ದ.

ಮನೆಯಲ್ಲಿ ಅವಳು ರೊಟ್ಟಿ ಮುರಿಯುತ್ತಾ ನಡುವೆ ಕೈ ನಿಲ್ಲಿಸಿ ಯೋಚನೆಗೆ ಬೀಳುತ್ತಿದ್ದಳು. ಅಮ್ಮಿ ಹಜರಾಬೀ ಮಗಳಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆದಳು. ಸೋತು ಸೋತು ಗುಲ್ನಾಜ್‌ಳಿಗೆ ಕಣ್ಣೀರು ಬರುವುದೊಂದು ಬಾಕಿ. ಆದರೂ ಊಟದ ಗಂಟೆಗೆ ಈಗ ಮೊದಲಿಗಿಂತ ಹೆಚ್ಚು ಕಾಯುತ್ತಿದ್ದಳು. ಸುಮ್ಮನೆ ಸೋಲುತ್ತಿದ್ದ ಹಾಶಿಮ ಚೆಂದವಿದ್ದ, ನಿಜ. ತನ್ನ ಕೆಲಸವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಈ ಹಾಶಿಮನ ಮೇಲೆ ಅವಳಿಗೆ ಪ್ರೀತಿಯಾಗಿತ್ತು.

ಸುಲಭದ ದಾರಿಗಳೆಲ್ಲ ಮುಚ್ಚಿ, ಗೆಲ್ಲಲು ಹಾಶಿಮನೂ ಒದ್ದಾಡುವಂತಾದ ಮೇಲೆ ಇಬ್ಬರೂ ಎರಡನೇ ಸಲ ಸುರಪುರಕ್ಕೆ ಹೋದರು. ಹುಡುಗಿಯರು ದೂರವೇ ಕುಳಿತರು.

"ಮೊದಲ ನೀವಿಬ್ರೂ ಆಡಿ ತೋರಸ್ರಿ," ಎಂದರು ಕಲ್ಯಾಣಮ್ಮ.

ಗುಲ್ನಾಜ್ ಬೇಕೆಂದೇ ದಂಡನ್ನು ಎತ್ತಿಕೊಂಡಳು. ಹಾಶಿಮನ ರಾಜ ಅಂಚಿಗೆ ಬಂದ, ಕಂದಕದಲ್ಲಿ ನಿಂತ, ತಪ್ಪಿಸಿಕೊಂಡು ಇನ್ನೊಂದು ಬಾಗಿಲಿನತ್ತ ತಿರುಗಿದ. ಹುಡುಗಿಯರು ಮೆಲ್ಲಗೆ ಹತ್ತಿರ ಸರಿದರು. ಅವಳು ಕೊನೆಯ ಮುಚ್ಚಳವನ್ನು ಇಟ್ಟಳು. ರಾಜನಿಗೆ ಎತ್ತಲೂ ದಾರಿಯಿರಲಿಲ್ಲ.

ಮತ್ತೆ ಬೇಕೆಂದೇ ಸೋತನೋ ಎಂಬ ಗಾಬರಿಯಿಂದ ಅವಳು ಅವನ ಮುಖ ನೋಡಿದಳು. ಗುಳಿ ಬೀಳಲಿಲ್ಲ. ತುಟಿ ಬಿಗಿದಿತ್ತು, ಮುಖ ಕೆಂಪಾಗಿತ್ತು. ಹಾಸಿನ ಮೇಲೆ ಬೆರಳಾಡಿಸುತ್ತಾ, "ತಡೀರಿ, ಆ ಕಾವಲಿನವನ್ನ ನಾ ಸರಸಬಾರದಿತ್ತು. ಛೇ!" ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದ.

ಹಾಶಿಮ ನಿಜವಾಗಿ ಸೋತ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಹೆಮ್ಮೆಯಿಂದ ಅವಳ ಗದ್ದ ತಾನಾಗಿಯೇ ಮೇಲೆದ್ದಿತು.

"ಸರ್, ಸರೀರಿ, ನಮಗ ಆಡಾಕ ಬಿಡ್ರಿ!" "ದಂಡು ನನಗ!" "ಏ, ನನಗ!" ಹುಡುಗಿಯರು ಮುಚ್ಚಳಗಳಿಗೆ ಮುಗಿಬಿದ್ದರು. ಕಲ್ಯಾಣಮ್ಮ ಆಗಲೇ ಫೋನಿನಲ್ಲಿ ಯಾರಿಗೋ, "ನಮ್ಮ ಹುಡುಗಿ ಒಬ್ಬಾಕಿ ಕಟ್ಟ್ಯಾಳ್ರಿ, ನಿಮ್ಮ ಹಾಸ್ಟೆಲಿಗೂ ಕಳಸ್ತೀನಿ," ಎನ್ನುತ್ತಿದ್ದರು.

ಹೊರಗಿನ ಕಟ್ಟೆಯ ಹತ್ತಿರ ಹಾಶಿಮ ಇನ್ನೂ ಮುಖ ಊದಿಸಿಕೊಂಡೇ ಇದ್ದ. "ಇನ್ನೊಂದ್ ಆಟ ಆಡ್ರಿ. ಈಗೇ."

"ಇಲ್ಲಿ ಜಾಗಾ ಇಲ್ಲ. ಶುಕ್ರವಾರ ಜುಮ್ಮಾ ದಿನ ನಿಮ್ಮ ಅಮ್ಮೀನ್ನ ಕರಕೊಂಡು ನಮ್ಮ ಮನಿಗಿ ಬರ್ರಿ. ಅಬ್ಬಾನ ಕೂಡ ಮಾತಾಡ್ರಿ. ಆಮ್ಯಾಲ ಆಡೂನು."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

"ಬರ್ತೀನ್ರಿ. ಅಬ್ಬಾನ ಕೂಡನೂ ಮಾತಾಡ್ತೀನಿ," ಎಂದ. ಮತ್ತೆ ಹುಬ್ಬು ಗಂಟಿಕ್ಕಿದ. "ಆದ್ರ ಅವತ್ತು ದಂಡು ನನಗ ಕೊಡಬೇಕು."

"ಕೊಟ್ಟೆ," ಎಂದಳು ಗುಲ್ನಾಜ್. "ಗೆದ್ದು ತೋರಸ್ರಿ."