ವಾಸನೆಯಿಲ್ಲದ ಪೊರೆ

ಮೀನು ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಫಿಲ್ಮ್ ಮೇಡಂ ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಇವಳಿಗೆ ಸಿನಿಮಾದ ನಂಟಿರಬೇಕು ಎಂದುಕೊಂಡು ಒಂದೆರಡು ದಿನ ವಿಶೇಷ ಮರ್ಯಾದೆ ಕೊಡುತ್ತಿದ್ದರು. ಲ್ಯಾಬಿನೊಳಗೆ ಒಮ್ಮೆ ಇಣುಕಿದರೆ ಆ ಮರ್ಯಾದೆ ಮಾಮೂಲಿಗೆ ಇಳಿಯುತ್ತಿತ್ತು. ಅಲ್ಲಿದ್ದದ್ದು ಬಕೆಟ್ಟುಗಳಲ್ಲಿ ನೆನೆಹಾಕಿದ ಮೀನಿನ ಚರ್ಮ, ಹದವಾದ ಬಿಸಿಯಲ್ಲಿ ಅದರಿಂದ ಬಿಡಿಸಿಕೊಂಡ ಜೆಲಟಿನ್, ಅದನ್ನು ತೆಳ್ಳಗೆ ಹೊಯ್ದು ಒಣಗಲಿಟ್ಟ ಚಪ್ಪಟೆ ತಟ್ಟೆಗಳು. ಒಣಗಿದ ಮೇಲೆ ಅಂಚಿಗೆ ಉಗುರು ಹಾಕಿ ಎಬ್ಬಿಸಿದರೆ ಗಾಜಿನಷ್ಟು ತಿಳಿಯಾದ ಪೊರೆಯೊಂದು ಕೈಗೆ ಬರುತ್ತಿತ್ತು, ಅದೇ ಅವಳ ಫಿಲ್ಮ್. ಅದನ್ನು ತಿನ್ನಬಹುದಿತ್ತು. ಎಷ್ಟು ಎಳೆದರೆ ಅದು ಹರಿಯುತ್ತದೆ, ಹರಿಯುವ ಮುನ್ನ ಎಷ್ಟು ಹಿಗ್ಗುತ್ತದೆ, ಗಾಳಿಯ ತೇವವನ್ನು ಎಷ್ಟು ಕುಡಿಯುತ್ತದೆ ಎಂದು ನೋಡುವುದು ಅವಳ ಕೆಲಸ.

ಊರಿನ ಟಾಫಿ ಅಂಗಡಿಯವನು ಈ ಪೊರೆಯ ಸುದ್ದಿ ಕೇಳಿ ಮೊದಲ ಸಲ ಬಂದದ್ದು ದೂರು ಹೊತ್ತುಕೊಂಡೇ. ದೂರು ಅವಳ ಮೇಲಲ್ಲ, ಟಾಫಿ ಸುತ್ತುವ ಕಾಗದದ ಮೇಲೆ.

“ಹವಾ ಸ್ವಲ್ಪ ಒದ್ದೆಯಾದ್ರೆ ಸಾಕು ಮೇಡಂ, ಟಾಫಿ ಕಾಗದ ಬಿಡಲ್ಲ. ಮಕ್ಕಳು ಕಾಗದಾನೂ ಸೇರಿಸಿ ಅಗೀತಾರೆ. ಆಮೇಲೆ ಅಮ್ಮಂದಿರು ಬಂದು ನನ್ನನ್ನ ಅಗೀತಾರೆ.”

ಅವಳು ನಗಲಿಲ್ಲ. ನಗುವ ಮುಂಚೆ ಯೋಚಿಸುವ ಸ್ವಭಾವ ಅವಳದು. ಒಂದು ಪೊರೆಯನ್ನು ಬೆರಳಗಲಕ್ಕೆ ಕತ್ತರಿಸಿ ಅವನ ಮುಂದೆ ಹಿಡಿದಳು. ಅವನು ಅದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಲ್ಯಾಬಿಗೆ ಬಂದ ಎಷ್ಟೋ ಜನ ಇಂಥ ತುಂಡುಗಳನ್ನು ಬಾಯಿಗೆ ಹಾಕಿಕೊಂಡು ‘ಚೆನ್ನಾಗಿದೆ’ ಎಂದು ಬಾಗಿಲ ಕಡೆ ನೋಡಿದ್ದರು. ಇವನು ಅವಸರ ಮಾಡಲಿಲ್ಲ.

“ಮೊದ್ಲು ಅಂಗುಳಕ್ಕೆ ಅಂಟ್ಕೊಳ್ಳುತ್ತೆ. ಆಮೇಲೆ ಅಂಚಿನಿಂದ ಬಿಡ್ತಾ ಬರುತ್ತೆ. ಕೊನೇಲಿ ಒಂದು ಚೂರು ಮಾತ್ರ ಹಟ ಮಾಡುತ್ತೆ.”

“ಹಟ ಕಮ್ಮಿ ಮಾಡಬಹುದು. ವಾಸನೆ ಹೇಗಿದೆ?”

“ಏನೂ ಇಲ್ಲ.”

“ಸಂಕೋಚ ಬೇಡ. ದಿನವಿಡೀ ಇಲ್ಲೇ ಇರೋದ್ರಿಂದ ನನ್ನ ಮೂಗಿಗೆ ಇದು ಗೊತ್ತಾಗಲ್ಲ. ಹೊರಗಿನವರೇ ಹೇಳ್ಬೇಕು.”

“ನಿಜವಾಗ್ಲೂ, ನನಗೆ ಏನೂ ಬರ್ತಿಲ್ಲ.”

ಹೇಳಿ, ಪೊರೆಯನ್ನು ಎಳೆದು ಪರೀಕ್ಷಿಸುವ ಯಂತ್ರವನ್ನು ನೋಡಬೇಕೆಂದು ಸ್ಟೂಲನ್ನು ಅವಳ ಪಕ್ಕಕ್ಕೇ ಎಳೆದುಕೊಂಡು ಕೂತ.

ಅವಳಿಗೆ ಅದು ಹೊಸದು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎರಡು ಸ್ಟಾಪು ಮುಂಚೆಯೇ ಎದ್ದು ನಿಲ್ಲುವುದು ಅವಳಿಗೆ ರೂಢಿಯಾಗಿತ್ತು. ಹಿಂದೊಮ್ಮೆ ಮದುವೆಯ ಮಾತು ಮುಕ್ಕಾಲು ದೂರ ಬಂದು, ಹುಡುಗ ಅವಳ ಅಕ್ಕನನ್ನು ಪಕ್ಕಕ್ಕೆ ಕರೆದು, “ಎಲ್ಲಾ ಸರಿ, ಆದ್ರೆ ಹತ್ತಿರ ಕೂತ್ರೆ ಮೀನು ಮೀನು ಅನ್ಸುತ್ತೆ” ಎಂದಿದ್ದ. ಅಕ್ಕ ಅವನಿಗೆ ಬಾಗಿಲು ತೋರಿಸಿದ್ದಳು. ಇವಳು ಅಳಲಿಲ್ಲ. ಅಂದಿನಿಂದ ಜನರ ಜೊತೆ ಮಾತಾಡುವಾಗ ಒಂದು ಮೇಜಿನಷ್ಟು ದೂರ ಇಟ್ಟುಕೊಂಡಳು, ಅಷ್ಟೆ.

*

ಮುಂದಿನ ವಾರಗಳಲ್ಲಿ ಅವನು ಆಗಾಗ ಬಂದ. ಕಾರಣಗಳಿಗೆ ಬರವಿರಲಿಲ್ಲ. ಪೊರೆಯನ್ನು ಟಾಫಿಗೆ ಸುತ್ತುವಾಗ ಅದು ಚಟ್ಟನೆ ಸೀಳುತ್ತಿತ್ತು. ಅವಳು ಗ್ಲಿಸರಿನ್ ಹೆಚ್ಚಿಸಿದಳು. ಈಗ ಮೆತ್ತಗೆ ಬಗ್ಗಿತು, ಆದರೆ ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಯಿತು.

“ಗ್ಲಿಸರಿನ್ ಕಮ್ಮಿಯಾದ್ರೆ ಮುರಿಯುತ್ತೆ, ಜಾಸ್ತಿಯಾದ್ರೆ ಅಂಟುತ್ತೆ,” ಎಂದಳು.

“ನನ್ನ ತಂಗಿ ಗಂಡನ ಹಾಗೆ. ಮಾತಾಡಿಸ್ದಿದ್ರೆ ಮುನಿಸು, ಮಾತಾಡಿಸಿದ್ರೆ ಮನೆಗೇ ಬಂದು ಕೂತ್ಬಿಡ್ತಾನೆ.”

ಈ ಸಲ ನಗು ಅವಳನ್ನು ಕೇಳದೆಯೇ ಬಂತು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತು. ಅವಳು ಯಂತ್ರದ ಹಿಡಿಕೆಗಳ ನಡುವೆ ಪೊರೆಯ ಪಟ್ಟಿ ಸಿಕ್ಕಿಸಿ ಗುಂಡಿ ಒತ್ತಿದಳು. ಪಟ್ಟಿ ನಿಧಾನವಾಗಿ ಹಿಗ್ಗಿತು, ನಡು ಸಣ್ಣಗಾಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಹರಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು, ಅದಕ್ಕೆ ಇಬ್ಬರಿಗೂ ಮುಜುಗರವಾಯಿತು.

ಮನೆಯಲ್ಲಿ ಅಕ್ಕನ ಕಣ್ಣಿಗೆ ಇದೆಲ್ಲ ಬೀಳದೆ ಇರಲಿಲ್ಲ.

“ಏನೇ, ಇತ್ತೀಚೆಗೆ ಮನೆಗೆ ಬರೋವಾಗ ಒಬ್ಬಳೇ ನಗ್ತಾ ಬರ್ತೀಯ?”

“ಪ್ರಯೋಗ ಚೆನ್ನಾಗಿ ನಡೀತಿದೆ.”

“ಪ್ರಯೋಗಕ್ಕೆ ಮೀಸೆ ಇದೆಯಾ?”

“ನಿನ್ನ ಮೂಗು ತೂರಿಸ್ಬೇಡ ಅಕ್ಕ,” ಎಂದು ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆದರೆ ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ಮಾಮೂಲಿಗಿಂತ ಹೆಚ್ಚು ಹೊತ್ತು ನಿಂತಳು.

ಕೊನೆಗೂ ಒಂದು ಅಳತೆ ಕೂಡಿಬಂತು. ಪೊರೆ ಸುತ್ತಿದರೆ ಸೀಳುತ್ತಿರಲಿಲ್ಲ, ಡಬ್ಬಿಯಲ್ಲಿ ಅಂಟುತ್ತಿರಲಿಲ್ಲ, ಬಾಯಲ್ಲಿ ಬೇಗ ಕರಗುತ್ತಿತ್ತು. ಅವಳು ಮತ್ತೊಮ್ಮೆ ವಾಸನೆ ಕೇಳಿದಳು. ಅವನು ಮತ್ತೊಮ್ಮೆ ಇಲ್ಲ ಎಂದ. ಮೊದಲ ದೊಡ್ಡ ಕಂತು ಅಂಗಡಿಗೆ ಹೋಯಿತು, ಮೀನಿನ ಚರ್ಮದಿಂದ ಮಾಡಿದ್ದು ಎಂಬ ಚೀಟಿಯೊಂದಿಗೆ.

ಅದು ವಾಪಸ್ಸೂ ಬಂತು. ಜನ ಡಬ್ಬಿ ತೆರೆದು ಮೂಗು ಮುರಿದಿದ್ದರು. ಟಾಫಿ ಸಿಹಿಯಾಗಿದೆ, ಸರಿ, ಆದರೆ ಡಬ್ಬಿಯಿಂದ ಮೀನು ಮಾರುಕಟ್ಟೆಯೇ ಎದ್ದು ಬರುತ್ತದೆ ಎಂದು ಒಬ್ಬಾಕೆ ಅಂಗಡಿಯಲ್ಲೇ ನಿಂತು ಕೂಗಾಡಿದ್ದಳಂತೆ. ಕಾರ್ಖಾನೆಯ ಮ್ಯಾನೇಜರ್ ಲ್ಯಾಬಿಗೆ ಬಂದು, ಕೂರದೆ ಮಾತಾಡಿದರು. “ಇನ್ನೊಂದು ಸಲ ಹೀಗಾದ್ರೆ ಚರ್ಮ ಗೊಬ್ಬರಕ್ಕೆ ಹೋಗುತ್ತೆ, ನೀವು ಪ್ಯಾಕಿಂಗ್‌ಗೆ ಹೋಗ್ತೀರಿ.”

ಅವಳು ಏಪ್ರನ್ ಕಳಚಿ ನೇರ ಟಾಫಿ ಅಂಗಡಿಗೆ ಹೊರಟಳು. ಅವಳಿಗೆ ಮೂಗಿನ ತುದಿಯಲ್ಲಿ ಕೋಪವಿರುತ್ತಿರಲಿಲ್ಲ. ಬಂದರೆ ಮಾತ್ರ ಸುಲಭಕ್ಕೆ ಇಳಿಯುತ್ತಿರಲಿಲ್ಲ.

*

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಒಬ್ಬನೇ ಇದ್ದ. ಒಲೆಯ ಮೇಲೆ ಸಕ್ಕರೆ ಪಾಕ. ಅವನು ಅದಕ್ಕೆ ಬೆನ್ನು ಮಾಡಿ, ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕಹಿಯಾದ ಸೀದ ವಾಸನೆ ಅವಳ ಮುಖಕ್ಕೆ ಬಡಿಯಿತು.

“ಪಾಕ ಸೀದುಹೋಗ್ತಿದೆ!”

ಅವನು ತಿರುಗಿ ನೋಡಿದ. ಪಾತ್ರೆಯಿಂದ ಹೊಗೆ ಏಳುವುದು ಕಂಡ ಮೇಲಷ್ಟೇ ಓಡಿಬಂದು ಉರಿ ಆರಿಸಿದ. ಅವಳು ಅಷ್ಟು ದೂರದಿಂದ ತಿಳಿದದ್ದು ಒಲೆಯ ಪಕ್ಕದಲ್ಲೇ ಇದ್ದವನಿಗೆ ತಿಳಿದಿರಲಿಲ್ಲ.

ಬೈಯಲೆಂದು ಬಂದವಳು ಪಾತ್ರೆಯನ್ನೂ ಅವನನ್ನೂ ನೋಡಿದಳು.

“ನಿಮಗೆ ವಾಸನೆ ಗೊತ್ತಾಗಲ್ಲ.”

ಅವನು ಸೌಟನ್ನು ಕೆಳಗಿಟ್ಟ. “ಒಂದು ಜ್ವರ ಬಂತು. ಜ್ವರ ಹೋಯ್ತು, ಅದರ ಜೊತೆ ಇದೂ ಹೋಯ್ತು. ನಾಲಿಗೆಗೆ ಸಿಹಿ, ಹುಳಿ ಗೊತ್ತಾಗುತ್ತೆ. ಮೆತ್ತಗಿದೆಯಾ, ಗಟ್ಟಿ ಇದೆಯಾ, ಅದೂ ಗೊತ್ತಾಗುತ್ತೆ. ಉಳಿದದ್ದನ್ನೆಲ್ಲ ಅಮ್ಮ ಮೂಸಿ ಹೇಳ್ತಾಳೆ. ಈಗ ತಂಗಿಯ ಹೆರಿಗೆ ಅಂತ ಅಮ್ಮ ಅವಳ ಮನೆಗೆ ಹೋಗಿದ್ದಾಳೆ.”

“ನಾನು ಎರಡು ಸಲ ಕೇಳ್ದೆ.”

“ಹೌದು. ಟಾಫಿ ಮಾಡೋನಿಗೆ ಮೂಗಿಲ್ಲ ಅಂತ ಊರಿಗೆ ಗೊತ್ತಾದ್ರೆ ಯಾರು ಬರ್ತಾರೆ ಅಂಗಡಿಗೆ? ಬಾಯಿ ಬರ್ಲಿಲ್ಲ. ನಿಮಗೆ ಇಷ್ಟು ತೊಂದರೆ ಆಗುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ. ತಪ್ಪು ನಂದೇ. ನಿಮ್ಮ ಮ್ಯಾನೇಜರ್ ಹತ್ರ ನಾನೇ ಬಂದು ಹೇಳ್ತೀನಿ.”

ಮ್ಯಾನೇಜರ್ ಆ ಹೊತ್ತಿನಲ್ಲಿ ಅವಳ ಮನಸ್ಸಿನಿಂದ ಎಷ್ಟೋ ದೂರವಿದ್ದರು. ಅವಳಿಗೆ ನೆನಪಾದದ್ದು ಪಕ್ಕಕ್ಕೆ ಎಳೆದ ಸ್ಟೂಲು, ಅವನ ಮೊಣಕೈ ತನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತು ಪಟ್ಟಿ ಹಿಗ್ಗುವುದನ್ನು ನೋಡಿದ ಮಧ್ಯಾಹ್ನಗಳು. ಅದನ್ನೆಲ್ಲ ಅವಳು ಬೇರೆಯೇ ಲೆಕ್ಕಕ್ಕೆ ಹಾಕಿಕೊಂಡಿದ್ದಳು. ವಾಸನೆಯೇ ತಿಳಿಯದವನಿಗೆ ತನ್ನ ಪಕ್ಕ ಕೂರಲು ಯಾವ ಕಷ್ಟವೂ ಇರಲಿಲ್ಲ ಎಂದು ಈಗ ತಿಳಿಯಿತು.

“ಸರಿ,” ಎಂದಳು. ಹೊರಟುಬಂದಳು.

*

ಅವನು ಹೇಳಿದಂತೆ ಮಾಡಿದ. ಮ್ಯಾನೇಜರ್ ಹತ್ತಿರ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ. ಅವಳಿಗೆ ಇನ್ನೊಂದು ಅವಕಾಶ ಸಿಕ್ಕಿತು.

ಅವಳು ಚರ್ಮವನ್ನು ಹೆಚ್ಚು ಸಲ ತೊಳೆದಳು. ಜೆಲಟಿನ್ನನ್ನು ಇದ್ದಿಲ ಪುಡಿಯ ಮೂಲಕ ಸೋಸಿದಳು. ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನನ್ನು ಕಾಯಿಸಿ ಅದಕ್ಕೆ ಬೆರೆಸಿದಳು. ಹೊಸ ಪೊರೆ ಕೊಂಚ ಮಂಜಾಗಿತ್ತು, ಹಿಗ್ಗುವುದು ಕಡಿಮೆಯಾಗಿತ್ತು, ಆದರೆ ಒದ್ದೆ ಗಾಳಿಗೆ ಮೊದಲಿನಷ್ಟು ಸೋಲುತ್ತಿರಲಿಲ್ಲ. ಮೂಸಿ ನೋಡಲು ಅಕ್ಕ, ಭಾವ ಇಬ್ಬರನ್ನೂ ಊಟದ ಮೇಜಿನ ಮುಂದೆ ಕೂರಿಸಿದಳು. ಭಾವ ಪೊರೆಯನ್ನು ಮೂಗಿಗೆ ಒತ್ತಿಕೊಂಡು, “ಏನೂ ಬರ್ತಿಲ್ಲ ಕಣಮ್ಮ” ಎಂದರು.

“ನಿಮಗೆ ನೆಗಡಿ ಇಲ್ಲ ತಾನೆ?”

“ಯಾಕೆ, ಡಾಕ್ಟರ್ ಸರ್ಟಿಫಿಕೇಟ್ ತರ್ಬೇಕಾ?”

ಅಕ್ಕ ಮಾತ್ರ ತಂಗಿಯ ಮುಖವನ್ನೇ ನೋಡುತ್ತಿದ್ದಳು. 

ಬಾಯಲ್ಲಿ ಕರಗುವ ಬಗೆಯನ್ನು ಹೇಳಬೇಕಾದವನು ಟಾಫಿಯವನೇ ಆದ್ದರಿಂದ ಅವನು ಮತ್ತೆ ಲ್ಯಾಬಿಗೆ ಬಂದ. ಈ ಸಲ ಅವಳು ಮೇಜಿನ ಆಚೆ ಕೂತಳು. ಅವನು ತುಂಡನ್ನು ಚೀಪಿ, ಮೊದಲಿನಷ್ಟೇ ಶ್ರದ್ಧೆಯಿಂದ ವರದಿ ಒಪ್ಪಿಸಿದ. ಎದ್ದು ಹೋಗುವ ಮುನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ಒಂದು ಮಾತು. ಅಮ್ಮನಿಗೆ ವಯಸ್ಸಾಯ್ತು. ಮೊನ್ನೆ ನೀವು ಬಾಗಿಲಿಂದಾನೇ ಹೇಳಿಬಿಟ್ರಿ, ಪಾಕ ಸೀದುಹೋಗ್ತಿದೆ ಅಂತ. ನೀವು ಅಂಗಡಿಗೆ ಬಂದ್ಬಿಟ್ರೆ... ಅಂದ್ರೆ, ಯಾವಾಗ್ಲೂ ಅಲ್ಲೇ ಇದ್ಬಿಟ್ರೆ... ನನಗೆ ನಿಮ್ಮಂಥವರು ಒಬ್ಬರು ಬೇಕು.”

ಅವನ ಕಿವಿ ಕೆಂಪಾಗಿತ್ತು. ಅವಳು ಕಿವಿಯನ್ನು ನೋಡಿದಳು, ಮಾತನ್ನು ತೂಗಿದಳು.

“ನಿಮಗೆ ಬೇಕಾಗಿರೋದು ಮೂಗು. ಅದಕ್ಕೆ ಸಂಬಳ ಕೊಟ್ರೆ ಜನ ಸಿಗ್ತಾರೆ.”

“ನಾನು ಹಾಗೆ ಹೇಳ್ಲಿಲ್ಲ...”

“ಹಾಗೇ ಹೇಳಿದ್ರಿ.”

ಅವನು ತಾನು ಹೇಳಿದ್ದನ್ನು ಮನಸ್ಸಿನಲ್ಲೇ ಮತ್ತೆ ಕೇಳಿಸಿಕೊಂಡವನಂತೆ ಕಂಡ. “ಹೌದು. ಹಾಗೇ ಹೇಳ್ಬಿಟ್ಟೆ,” ಎಂದು ಒಪ್ಪಿಕೊಂಡು ಹೋದ.

*

ಹೊಸ ಪೊರೆ ಸುತ್ತಿದ ಟಾಫಿಗಳು ಈ ಸಲ ವಾಪಸ್ಸು ಬರಲಿಲ್ಲ. ಮಕ್ಕಳು ಸುತ್ತಿದ್ದನ್ನೂ ಸೇರಿಸಿ ತಿಂದರು, ಯಾವ ಅಮ್ಮಂದಿರೂ ಬಂದು ಬೈಯಲಿಲ್ಲ. ಇನ್ನು ಮುಂದಿನ ಸರಬರಾಜನ್ನು ಕಾರ್ಖಾನೆಯ ಮಾರಾಟ ವಿಭಾಗದವರು ನೋಡಿಕೊಂಡರು. ಟಾಫಿಯವನು ಲ್ಯಾಬಿಗೆ ಬರುವ ಅಗತ್ಯವೇ ಉಳಿಯಲಿಲ್ಲ.

ಅವನ ಸುದ್ದಿ ಅವಳಿಗೆ ಸಿಕ್ಕಿದ್ದು ಅಕ್ಕನಿಂದ. ಅಕ್ಕ ಟಾಫಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿ ಬಂದಿದ್ದಳು.

“ನಿನ್ನ ಪ್ರಯೋಗ ಗಿರಾಕಿಗಳ ಮುಂದೆ ನಿಂತು, ತನಗೆ ವಾಸನೆ ಗೊತ್ತಾಗಲ್ಲ ಅಂತ ಹೇಳ್ಕೊಂಡನಂತೆ. ಚಹಾ ಕಂಪನಿಯಲ್ಲಿ ರುಚಿ ನೋಡ್ತಿದ್ದ ಒಬ್ಬ ಹೆಂಗಸನ್ನ ಕೆಲಸಕ್ಕೆ ಇಟ್ಕೊಂಡಿದ್ದಾನೆ. ಎಂಥಾ ಮೂಗು ಅಂತೀಯ ಅವಳದ್ದು! ನಾನು ಬೆಳಗ್ಗೆ ಮೂಲಂಗಿ ಹೆಚ್ಚಿದ್ದನ್ನ ಹೇಳಿದಳು.”

“ಗಿರಾಕಿಗಳು ಬರ್ತಿದ್ದಾರಾ?”

“ಒಂದಷ್ಟು ಜನ ಬಿಟ್ರಂತೆ. ಸಾಲು ಮಾತ್ರ ಇತ್ತು, ನಾನೂ ನಿಂತೆ.”

ಅವಳಿಗೆ ಆ ವಾರ ಲ್ಯಾಬಿನಲ್ಲಿ ಎಳೆಯುವ ಯಂತ್ರದ ಮುಂದೆ ಕೂತಾಗಲೆಲ್ಲ ಪಕ್ಕದ ಜಾಗ ಅಗಲವಾಗಿದೆ ಎನ್ನಿಸುತ್ತಿತ್ತು. ಅನ್ನಿಸಲಿ ಎಂದು ಬಿಟ್ಟಳು. ಹೋಗುತ್ತದೆ ಎಂದುಕೊಂಡಳು. ಅದು ಹೋಗಲಿಲ್ಲ.

ಒಂದು ಮಧ್ಯಾಹ್ನ ಅವಳು ತಟ್ಟೆಯಿಂದ ಪೊರೆ ಬಿಡಿಸಲು ಶುರುಮಾಡಿದ್ದಳಷ್ಟೇ, ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಡಬ್ಬಿಯಿಲ್ಲ, ಚೀಲವಿಲ್ಲ.

“ಪೊರೆ ಸೀಳಿತಾ?”

“ಇಲ್ಲ.”

“ಅಂಟಿತಾ?”

“ಇಲ್ಲ.”

“ಮತ್ತೆ ವಾಸನೆ ಏನಾದ್ರೂ?”

“ನಮ್ಮ ಚಹಾದವರು ಇಲ್ಲ ಅಂದಿದ್ದಾರೆ. ಕೆಲಸ ಏನೂ ಇಲ್ಲ ಮೇಡಂ. ಈಗ ನನಗೆ ನಿಮ್ಮಿಂದ ಆಗ್ಬೇಕಾಗಿರೋದು ಒಂದೂ ಇಲ್ಲ. ಆದ್ರೂ ಬಂದೆ.”

ಅವಳ ಉಗುರು ಪೊರೆಯ ಅಂಚಿನಲ್ಲೇ ನಿಂತಿತು. ಅವನನ್ನು ನೋಡದೆ ಹೇಳಿದಳು: “ನನಗೆ ಮೀನಿನ ವಾಸನೆ ಇದೆ. ಕೆಲಸ ಬಿಡೋವರೆಗೂ ಇರುತ್ತೆ, ಕೆಲಸ ನಾನು ಬಿಡಲ್ಲ. ನಿಮಗೆ ಅದು ಗೊತ್ತಾಗಲ್ಲ. ಅದಕ್ಕೇ ನನ್ನ ಪಕ್ಕ ಕೂರೋದು ನಿಮಗೆ ಸುಲಭವಾಯ್ತು.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖದಲ್ಲಿ ಆಶ್ಚರ್ಯವೂ, ಸ್ವಲ್ಪ ಸಿಟ್ಟೂ ಮೂಡಿತು.

“ಈ ಕಾರ್ಖಾನೆಯಲ್ಲಿ ಎಷ್ಟು ಜನ ಇದ್ದಾರೆ?”

“ಯಾಕೆ? ಇನ್ನೂರರ ಮೇಲಿರಬಹುದು.”

“ಎಲ್ಲರಿಗೂ ಮೀನಿನ ವಾಸನೆ ಇರುತ್ತೆ ಅಲ್ವಾ? ನನಗೆ ಯಾರದ್ದೂ ಗೊತ್ತಾಗಲ್ಲ. ಗೇಟಿನ ಗಾರ್ಡ್ ಪಕ್ಕ ಕೂರೋದೂ ನನಗೆ ಅಷ್ಟೇ ಸುಲಭ. ಒಂದು ದಿನಾನಾದ್ರೂ ಹೋಗಿ ಕೂತೆನಾ?”

ಅವಳು ತಲೆ ಎತ್ತಿದಳು. ಗೇಟಿನ ಗಾರ್ಡು ದಪ್ಪ ಮೀಸೆಯ, ಸದಾ ಗೊಣಗುವ ಮನುಷ್ಯ. ಅವನ ಪಕ್ಕ ಇವನು ಸ್ಟೂಲು ಎಳೆದುಕೊಂಡು ಕೂತ ಚಿತ್ರ ಕಣ್ಣ ಮುಂದೆ ಬಂತು. ತುಟಿ ಕಚ್ಚಿದರೂ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ.

“ಇದನ್ನ ಅರ್ಧಕ್ಕೆ ಬಿಟ್ರೆ ಹರಿಯುತ್ತೆ,” ಎಂದು ಅವಳು ಮತ್ತೆ ತಟ್ಟೆಯ ಮೇಲೆ ಬಾಗಿದಳು. ಅಂಚಿನುದ್ದಕ್ಕೂ ಬಿಡಿಸಿದಳು, ನಡುವಿನಲ್ಲಿ ಉಸಿರು ಹಿಡಿದಳು. ಇಂಥ ಒಂದು ಪೊರೆಗೆ ಅವಳು ಇಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ. ಅವನು ಅವಸರಪಡಿಸಲಿಲ್ಲ. ಕೊನೆಗೆ ಅದು ಇಡಿಯಾಗಿ ಎದ್ದು ಬಂತು. ಅವಳು ಅದನ್ನು ಒಣ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

“ಭಾನುವಾರ ಮನೆಗೆ ಬನ್ನಿ. ಅಕ್ಕ, ಭಾವ ಇರ್ತಾರೆ. ಅಕ್ಕ ಪ್ರಶ್ನೆ ಜಾಸ್ತಿ ಕೇಳ್ತಾಳೆ, ತಯಾರಾಗಿ ಬನ್ನಿ.”

“ಅವರಿಗೆ ಉತ್ತರ ಹೇಳ್ತೀನಿ. ನಿಮ್ಮ ಉತ್ತರ?”

“ಬನ್ನಿ ಅಂದೆನಲ್ಲ.”

ಅವನು ಹೊರಡಲಿಲ್ಲ, ಅವಳೂ ಹೊರಡಿ ಎನ್ನಲಿಲ್ಲ. ಪಾಳಿ ಮುಗಿದ ಗಂಟೆ ಬಾರಿಸಿದಾಗ ಇಬ್ಬರೂ ಗುಂಪಿನ ಜೊತೆಯಲ್ಲೇ ಹೊರಗೆ ನಡೆದರು. ಪ್ಯಾಕಿಂಗ್‌ನ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನೋಡಿದರು. ನೋಡಿಕೊಳ್ಳಲಿ ಎಂದು ಅವಳು ಅವನ ತೋಳು ಹಿಡಿದಳು.