ಬಿರುಕಿಲ್ಲದ ಚಾವಣಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಶಾಲೆಯೊಂದರ ಅಡುಗೆಯಾಕೆ ಡೆಲಿತ್ ಹಾಪ್ಕಿನ್ ಕ್ವಮ್‌ಸಾರನ್ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೌಂಟರಿನಲ್ಲಿದ್ದ ಕಾನ್‌ಸ್ಟೆಬಲ್ ಯೋಲೊ ಮೇರಿಕ್ ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ.

"ನಮ್ಮಮ್ಮನ್ನ ಕೊಂದಿದಾರೆ. ಬರ್ಕೊಳ್ಳಿ."

"ಯಾರು?"

"ಅದು ಗೊತ್ತಿದ್ದಿದ್ರೆ ನಿನ್ನ ಮುಖ ನೋಡೋಕೆ ಯಾಕಪ್ಪ ಬರ್ತಿದ್ದೆ? ಮನೆ ಕೊಂದಿದೆ. ಹೊಸಾ ಮನೆ."

ತಾಯಿ ಮಾರ್ವಿತ್ ಹಾಪ್ಕಿನ್, ವಯಸ್ಸು ಎಪ್ಪತ್ತೊಂದು. ಊರ ಮೇಲಿನ ಗುಡ್ಡದಲ್ಲಿ ಹಿಂದಿನ ವರ್ಷವಷ್ಟೇ ಕಟ್ಟಿ ಮುಗಿಸಿದ್ದ ಮನೆಸಾಲಿನಲ್ಲಿ ಒಬ್ಬಳೇ ಇದ್ದಳು. ಐದು ದಿನಗಳ ಹಿಂದೆ ಮಲಗಿದವಳು ಏಳಲಿಲ್ಲ. ಹೃದಯ ನಿಂತಿರಬೇಕು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಶವಪರೀಕ್ಷೆ ಬೇರೆ ಮಾತು ಹೇಳಿತ್ತು: ರಕ್ತದ ತುಂಬ ಇಂಗಾಲದ ಮಾನಾಕ್ಸೈಡ್.

ಶವಪರೀಕ್ಷೆಯ ವರದಿಯ ಒಂದು ಪ್ರತಿ ಅಷ್ಟರಲ್ಲಾಗಲೇ ಇನ್‌ಸ್ಪೆಕ್ಟರ್ ಮೆನ್ನಾ ಪ್ರಾಸರಳ ಮೇಜಿನ ಮೇಲಿತ್ತು. ಆ ಅನಿಲ ಎಂಥದ್ದೆಂದು ವೇಲ್ಸಿನ ಈ ಕಣಿವೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಲ್ಲಿದ್ದಲ ಗಣಿಯಲ್ಲಿ ಬೆಂಕಿ ಸಿಡಿದ ಮೇಲೆ ಬದುಕುಳಿದವರನ್ನೂ ಅದು ಮಲಗಿಸಿ ಹೋಗುತ್ತಿತ್ತು. ಮೆನ್ನಾಳ ಅಜ್ಜನನ್ನು ಹೊರತಂದಾಗ ಅವನ ಕೆನ್ನೆ ಮದುವೆ ಗಂಡಿನ ಕೆನ್ನೆಯಷ್ಟು ಕೆಂಪಗಿತ್ತಂತೆ. ಗಣಿಗಳೆಲ್ಲ ಮುಚ್ಚಿಹೋದವು. ನೆಲದಡಿಯಲ್ಲಿದ್ದ ಆ ಸಾವು ಗುಡ್ಡ ಹತ್ತಿ ಮುದುಕಿಯ ಮಂಚದವರೆಗೆ ಬಂದದ್ದಾದರೂ ಹೇಗೆ?

ದೂರು ದಾಖಲಾಯಿತು. ಹನ್ನೊಂದರ ಹೊತ್ತಿಗೆ ಮೆನ್ನಾ, ಮೇರಿಕ್ ಮತ್ತು ಅನಿಲ ಸುರಕ್ಷತಾ ತಜ್ಞ ಹ್ಯೂ ಗಿಟಿನ್ಸ್ ಡೆಲಿತ್‌ಳ ಕೈಯಿಂದ ಮನೆಯ ಬೀಗ ತೆಗೆಸಿದರು.

ಮಲಗುವ ಕೋಣೆಗೆ ಕಾಲಿಟ್ಟ ಮೆನ್ನಾ ತಾನೇಕೆ ಬಂದೆನೆಂಬುದನ್ನು ಒಂದು ಕ್ಷಣ ಮರೆತಳು. ಚಾವಣಿ ಹಾಗಿತ್ತು. ಗೋಡೆಯಿಂದ ಗೋಡೆಗೆ ಒಂದು ಜೋಡಣೆಯ ಗೆರೆಯಿಲ್ಲ, ಒಂದು ಉಬ್ಬುತಗ್ಗಿಲ್ಲ. ಕಿಟಕಿಯ ಬೆಳಕು ಅದರ ಮೇಲೆ ಕೆನೆಗಟ್ಟಿದ ಹಾಲಿನ ಮೇಲೆ ಹರಡುವಂತೆ ಹರಡಿತ್ತು. ಮಂಚದ ಮೇಲೊಂದು ತೂಗುದೀಪ, ಮೂಲೆಯಲ್ಲಿ ಒಂದು ಚೌಕದ ಬಿಳಿ ಬಾಗಿಲು, ಅಷ್ಟೇ.

"ಎಷ್ಟು ಚೆನ್ನಾಗಿದೆ ಅಲ್ವಾ ಮೇಡಂ," ಎಂದ ಮೇರಿಕ್, ಚರ್ಚಿನೊಳಗೆ ಮಾತಾಡುವ ದನಿಯಲ್ಲಿ.

ಮನೆ ಬೆಚ್ಚಗಿಡುವ ಬಾಯ್ಲರ್ ಇದ್ದದ್ದು ಪಡಸಾಲೆಯ ಕಪಾಟಿನಲ್ಲಿ. ಅದರ ಹೊಗೆಕೊಳವೆ ಮೇಲಕ್ಕೇರಿ, ಮಲಗುವ ಕೋಣೆಯ ಚಾವಣಿಯ ಮೇಲೆ ಅಡಗಿ ಸಾಗಿ, ಹೊರಗೋಡೆ ದಾಟುತ್ತಿತ್ತು. ಗಿಟಿನ್ಸ್ ಬಾಯ್ಲರ್ ಹೊತ್ತಿಸಿ ಅನಿಲ ಅಳೆಯುವ ಮಾಪಕ ಹಿಡಿದ.

"ಇದರಲ್ಲಿ ಏನೂ ಊನ ಇಲ್ಲ. ಹಸುಗೂಸಿನ ಉಸಿರಿನ ಥರ ಉರೀತಿದೆ."

ಮೆನ್ನಾ ಬಾಗಿಲಲ್ಲಿ ನಿಂತಿದ್ದ ಡೆಲಿತ್ ಕಡೆ ತಿರುಗಿದಳು. "ನಿಮ್ಮಮ್ಮ ಇದನ್ನ ಎಷ್ಟು ಹೊತ್ತು ಹಚ್ಚಿಡ್ತಿದ್ರು?"

"ಹಚ್ಚಿಡೋದೇನು, ಆರಿಸ್ತಾನೇ ಇರ್ಲಿಲ್ಲ. ಹಳೇ ಮನೇಲಿ ಚಳಿ ತಿಂದು ತಿಂದು ಸಾಕಾಗಿತ್ತು. ಇಲ್ಲಿ ಬಂದ್ಮೇಲೆ ಜನವರೀಲೂ ಬರಿಗಾಲಲ್ಲಿ ಓಡಾಡ್ತೀನಿ ಕಣೇ ಅಂತ ಫೋನ್ ಮಾಡಿ ಮಾಡಿ ಹೇಳೋಳು."

"ಹಾಗಾದ್ರೆ ಉರೀಲಿ ಬಿಡಿ. ಕಾಯೋಣ."

ಕಿಟಕಿ, ಬಾಗಿಲು ಮುಚ್ಚಿ, ಕೋಣೆಯೊಳಗೊಂದು ಮಾಪಕವಿಟ್ಟು ಎಲ್ಲರೂ ಹೊರಗೆ ನಿಂತರು. ಮೇರಿಕ್ ಕಿಟಕಿಯ ಗಾಜಿನಾಚೆಯಿಂದ ಅಂಕಿ ಓದುತ್ತಿದ್ದ. ಅರ್ಧ ಗಂಟೆಯವರೆಗೆ ಸೊನ್ನೆ. ಆಮೇಲೆ ಅಂಕಿ ಅಲುಗಿತು. ಅಲುಗಿದ್ದು ನಿಲ್ಲಲಿಲ್ಲ, ಬಾವಿಯಲ್ಲಿ ನೀರೇರುವ ಹಾಗೆ ಸದ್ದಿಲ್ಲದೆ ಏರುತ್ತಲೇ ಹೋಯಿತು. ಪಡಸಾಲೆಯಲ್ಲಿ ಬಾಯ್ಲರಿನ ಪಕ್ಕ ತೂಗುಹಾಕಿದ್ದ ಅನಿಲದ ಎಚ್ಚರಿಕೆಯ ಗಂಟೆ ಮಾತ್ರ ಸುಮ್ಮನೇ ಇತ್ತು. ಅನಿಲ ಅತ್ತ ಸುಳಿದೇ ಇರಲಿಲ್ಲ.

ಗಿಟಿನ್ಸ್ ಬಾಯ್ಲರ್ ಆರಿಸಿ, ಗಾಳಿಯಾಡಿಸಿ, ಹೊಗೆಕೊಳವೆಯೊಳಗೆ ಪರೀಕ್ಷೆಯ ಬಿಳಿ ಹೊಗೆ ಬಿಟ್ಟ. ಹೊರಗೋಡೆಯ ಬಾಯಿಂದ ಬರಬೇಕಾಗಿದ್ದ ಹೊಗೆ ಅಲ್ಲಿ ಎಳೆಯಷ್ಟೇ ಬಂತು. ಮಂಚದ ಮೇಲೆ, ದೀಪ ತೂಗಿಬಿಟ್ಟ ಕಡೆ, ಆ ನಿಷ್ಕಳಂಕ ಚಾವಣಿಯಿಂದ ಒಂದು ಬಿಳಿ ಎಳೆ ಕೆಳಗಿಳಿಯಿತು. ಹಿಂದೆ ಇನ್ನೊಂದು. ದೀಪದ ತಂತಿಯನ್ನು ಸುತ್ತಿಕೊಂಡು, ಅವಸರವೇ ಇಲ್ಲದೆ, ದಿಂಬಿನ ಮೇಲೆ ಶಾಲು ಹೊದೆಸಿದಂತೆ ಹರಡಿತು. ಕಣ್ಣಿಗೆ ಕಾಣದೆ ಇಷ್ಟು ದಿನ ನಡೆದದ್ದು ಅವರ ಕಣ್ಣೆದುರಿಗೆ ನಡೆಯುತ್ತಿತ್ತು. ಡೆಲಿತ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಮೇಲೆ ಕೊಳವೆ ಬಿಟ್ಟುಕೊಂಡಿದೆ," ಎಂದ ಗಿಟಿನ್ಸ್ ಕೊನೆಗೆ. "ಒಂದರೊಳಗೊಂದು ಎರಡು ಕೊಳವೆ ಇರುತ್ತೆ. ಒಂದರಲ್ಲಿ ಹೊಗೆ ಹೊರಕ್ಕೆ, ಇನ್ನೊಂದರಲ್ಲಿ ಗಾಳಿ ಒಳಕ್ಕೆ. ಕಳಚಿಕೊಂಡ್ರೆ ಬಾಯ್ಲರ್ ತಾನು ಬಿಟ್ಟ ಉಸಿರನ್ನೇ ತಾನು ಎಳ್ಕೊಳ್ಳುತ್ತೆ. ಹೊತ್ತು ಹೋದಂಗೆ ಬೆಂಕಿ ವಿಷ ಕಕ್ಕುತ್ತೆ. ಆ ಚೌಕದ ಬಾಗಿಲು ಇರೋದೇ ಇದನ್ನ ಕಣ್ಣಲ್ಲಿ ನೋಡೋಕೆ. ತೆಗೀರಿ."

ಮೇರಿಕ್ ಏಣಿ ಹತ್ತಿ ಬಾಗಿಲು ತೆರೆದು, ಟಾರ್ಚ್ ಬಿಟ್ಟು, ಹಾಗೇ ನಿಂತ.

"ಏನಯ್ಯಾ ಕಾಣ್ತಿದೆ?"

"ಏನೂ ಇಲ್ಲ ಮೇಡಂ. ತೂತೇ ಇಲ್ಲ. ಬಾಗಿಲ ಹಿಂದೇನೂ ಚಾವಣಿನೇ!"

ಚೌಕಟ್ಟನ್ನು ಬರೀ ಅಂಟು ಹಾಕಿ ಅಂಟಿಸಲಾಗಿತ್ತು.

ಪಕ್ಕದ ಮನೆಯಲ್ಲೂ ಹಾಗೇ. ಅದರಾಚೆಯದರಲ್ಲೂ. ಮೆನ್ನಾ ಅಲ್ಲಿಂದಲೇ ಇಡೀ ಸಾಲನ್ನು ಖಾಲಿ ಮಾಡಿಸಲು ಹೇಳಿದಳು. ಕೂಸುಗಳು, ಬೆಕ್ಕುಗಳು, ಕಂಬಳಿಗಳು ರಸ್ತೆಗೆ ಬಂದವು. ಕೊನೆಯ ಮನೆಯ ಡಿಲ್ವಿನ್ ಕ್ರಾಡಕ್ ಎಂಬ ನಿವೃತ್ತ ಗಣಿಗಾರ ಮಾತ್ರ ಹೊಸ್ತಿಲು ಬಿಡಲಿಲ್ಲ.

"ನನ್ನ ಮನೆ ಬಿಟ್ಟು ನಾನೆಲ್ಲಿಗೂ ಬರಲ್ಲ ಕಣಮ್ಮ. ನಂಗೇನೂ ಆಗಿಲ್ಲ. ಎದ್ದಾಗ ಸ್ವಲ್ಪ ತಲೆನೋವು, ಅಷ್ಟೇ."

"ತಲೆನೋವು ಎಲ್ಲಿ ಹೋದ್ರೆ ಕಮ್ಮಿ ಆಗುತ್ತೆ ತಾತ?"

"ಪಬ್ಬಿಗೆ ಹೋದ್ರೆ." ನಕ್ಕವನ ನಗು ಅಲ್ಲೇ ನಿಂತಿತು. ಇನ್‌ಸ್ಪೆಕ್ಟರಳ ಮುಖ ನೋಡಿ, ತನ್ನ ಮನೆಯ ಒಳಕ್ಕೊಮ್ಮೆ ನೋಡಿ, ಗೂಟದಲ್ಲಿದ್ದ ಟೋಪಿ ತೆಗೆದುಕೊಂಡು ಹೊರಬಂದ.

ಮರುದಿನ ಪಂಚರ ಎದುರಿನಲ್ಲಿ ಮಾರ್ವಿತ್‌ಳ ಕೋಣೆಯ ಚಾವಣಿ ಕತ್ತರಿಸಲಾಯಿತು. ಮಹಜರಿನಲ್ಲಿ ಬರೆದದ್ದು ಹೀಗೆ: ಕೊಳವೆಯನ್ನು ತೂಗಿಹಿಡಿಯಬೇಕಾದ ಲೋಹದ ಪಟ್ಟಿ ಕೈಗರಗಸದಿಂದ ಕತ್ತರಿಸಿದೆ, ಆಧಾರವಿಲ್ಲದೆ ಕೊಳವೆ ದಿನೇ ದಿನೇ ಜಗ್ಗಿ ಜೋಡಣೆಯಲ್ಲಿ ಕಳಚಿದೆ, ಚೌಕಟ್ಟಿನ ಒಣ ಅಂಟಿನಲ್ಲಿ ಸ್ಪಷ್ಟವಾದ ಹೆಬ್ಬೆರಳ ಗುರುತು ಇದೆ.

ಕಟ್ಟಡದ ಮೇಲ್ವಿಚಾರಕನನ್ನು ಠಾಣೆಗೆ ಕರೆಸಿದರು.

"ಆ ಬಾಗಿಲುಗಳನ್ನ ನೀವು ತೆಗೆದು ನೋಡಿದ್ರಾ?"

"ಇದಾವೆ ಅಂತ ನೋಡಿ ಸಹಿ ಹಾಕ್ದೆ."

"ತೆಗೆದು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಚಾವಣಿ ಯಾರ ಕೈಕೆಲಸ?"

"ಎಲ್ವೆಡ್ ಟ್ರಾಂಟರ್‌ದು, ಗಾರೆ ಕೆಲಸದವನು. ಅಂಥಾ ಕೈ ಈ ಕಣಿವೇಲಿ ಇನ್ನೊಂದಿಲ್ಲ ಮೇಡಂ. ನಾನು ತೂತು ಕೊರೀಬೇಕು ಅಂದಿದ್ದಕ್ಕೆ ಎರಡು ದಿನ ನನ್ನ ಹತ್ರ ಮಾತೇ ಬಿಟ್ಟಿದ್ದ. ಆಮೇಲೆ ನೋಡಿದ್ರೆ ಬಾಗಿಲು ಬಂದಿತ್ತು. ಒಪ್ಕೊಂಡ ಅಂದ್ಕೊಂಡೆ."

ಟ್ರಾಂಟರ್ ಸಿಕ್ಕಿದ್ದು ಊರ ಹಳೆಯ ಪ್ರಾರ್ಥನಾಮಂದಿರದಲ್ಲಿ, ಅಟ್ಟಣೆಯ ಮೇಲೆ. ಉದುರಿಹೋಗಿದ್ದ ಗಾರೆಯ ಹೂಬಳ್ಳಿಯನ್ನು ಮತ್ತೆ ಕಟ್ಟುತ್ತಿದ್ದ. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಕೂದಲು, ಹುಬ್ಬು, ರೆಪ್ಪೆಯೆಲ್ಲ ಸುಣ್ಣದ ಬಿಳಿ.

"ಎಲ್ವೆಡ್ ಟ್ರಾಂಟರ್? ಪೊಲೀಸ್. ಕೆಳಗಿಳೀರಿ."

ಅವನು ತಿರುಗಿ ನೋಡಿದ.

"ಆ ಹೆಂಗಸಿನ ವಿಷಯ ತಾನೆ," ಎಂದ. "ಪೇಪರ್‌ನಲ್ಲಿ ಓದ್ದಾಗಿಂದ ನಿದ್ದೆ ಇಲ್ಲ. ಬರ್ತೀನಿ. ಇದು ಹಸಿಯಾಗಿದೆ ತಾಯಿ, ಈಗ ಬಿಟ್ರೆ ಕೆಟ್ಟೋಗುತ್ತೆ. ಈ ಒಂದು ಎಲೆ ಮುಗಿಸ್ಲಾ?"

ಮೇರಿಕ್ ಏಣಿಯ ಕಡೆ ಹೆಜ್ಜೆಯಿಟ್ಟ. ಮೆನ್ನಾ ಅವನ ತೋಳು ಹಿಡಿದು ತಡೆದಳು. ಯಾಕೆ ತಡೆದೆನೆಂದು ಆಮೇಲೂ ಅವಳಿಗೆ ಸರಿಯಾಗಿ ಹೇಳಲಾಗಲಿಲ್ಲ. ಇಬ್ಬರೂ ಮುಂದಿನ ಬೆಂಚಿನಲ್ಲಿ ಕೂತು ಕತ್ತೆತ್ತಿದರು. ಅವನ ಹೆಬ್ಬೆರಳು ಹಸಿ ಗಾರೆಯನ್ನು ಒತ್ತಿ, ತೀಡಿ, ಸವರಿತು. ಎಲೆಯ ನರ ಮೂಡಿತು, ಅಂಚು ಸುರುಳಿಗೊಂಡಿತು, ಗಾಳಿ ಬೀಸಿದರೆ ಅಲುಗಬಹುದು ಅನ್ನಿಸಿತು. ಇದೇ ಬೆರಳು, ಎಂದುಕೊಂಡಳು ಮೆನ್ನಾ. ಬೆರಗಿಗೂ ಭಯಕ್ಕೂ ಎದೆಯಲ್ಲಿ ಒಂದೇ ಜಾಗ ಎಂಬುದು ಅವಳಿಗೆ ಆವತ್ತು ತಿಳಿಯಿತು.

ಅವನು ಇಳಿದು ಬಕೆಟ್ಟಿನಲ್ಲಿ ಕೈತೊಳೆದು, ಒರೆಸಿಕೊಂಡು, ಕೈಗಳನ್ನು ಮುಂದಕ್ಕೆ ಚಾಚಿದ. ಮಾರ್ಚ್ ಹದಿನಾಲ್ಕು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ: ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಬಂಧನ. ಹೆಬ್ಬೆರಳ ಗುರುತು ಸಂಜೆಗೇ ತಾಳೆಯಾಯಿತು. ತೆರೆಯದ ಬಾಗಿಲಿಗೆ ಸಹಿ ಹಾಕಿದ್ದ ಮೇಲ್ವಿಚಾರಕನ ಮೇಲೆಯೂ ಪ್ರತ್ಯೇಕ ಪ್ರಕರಣ ದಾಖಲಾಯಿತು.

ವಿಚಾರಣೆಯಲ್ಲಿ ಟ್ರಾಂಟರ್ ಏನನ್ನೂ ಮುಚ್ಚಿಡಲಿಲ್ಲ.

"ಪಟ್ಟಿ ಯಾಕೆ ಕತ್ತರಿಸಿದ್ರಿ?"

"ಬೆರಳಷ್ಟು ಕೆಳಗೆ ಬಂದಿತ್ತು. ಚಾವಣಿ ಹಲಗೆ ಮಟ್ಟಸ ಕೂರ್ತಿರ್ಲಿಲ್ಲ. ಆ ಕೊಳವೆ ಗಟ್ಟಿಯಾಗೇ ಇತ್ತು, ಬೀಳಲ್ಲ ಅಂದ್ಕೊಂಡೆ."

"ಬಾಗಿಲು ಯಾಕೆ ಅಂಟಿಸಿದ್ರಿ?"

"ಮುಗಿದ ಚಾವಣೀನ ಕೊರೆಯೋಕೆ ನನ್ನ ಕೈಯಲ್ಲಿ ಆಗ್ಲಿಲ್ಲ."

"ಒಬ್ಬರ ಜೀವಕ್ಕಿಂತ ಚಾವಣಿ ಹೆಚ್ಚಾಯ್ತಾ?"

ಅದಕ್ಕೆ ಅವನು ಹೇಳಿದ ಮಾತನ್ನು ಮೇರಿಕ್ ಹೇಳಿಕೆಯಲ್ಲಿ ಅಕ್ಷರ ಬಿಡದೆ ಬರೆದುಕೊಂಡ.

"ನಮ್ಮಮ್ಮನಿಗೆ ಶ್ವಾಸದ ಕಾಯಿಲೆ. ನಾನು ಹುಡುಗ ಆಗಿದ್ದಾಗಿಂದ ಮಂಚ ಬಿಟ್ಟು ಎದ್ದಿದ್ದೇ ಇಲ್ಲ. ಮೇಲೆ ಮಸಿ ಹಿಡಿದ ಚಾವಣಿ, ಉದ್ದಕ್ಕೂ ಸೀಳು. ಅದು ಇವತ್ತು ಇಷ್ಟು ದೊಡ್ಡದಾಗಿದೆ ಎಲ್ವೆಡ್, ನಾನು ಸಾಯೋ ದಿನ ಪೂರ್ತಿ ಬಾಯಿ ಬಿಡುತ್ತೆ, ಅಂತ ದಿನಾ ಹೇಳೋಳು. ಮಲಗಿರೋರು ನೋಡೋದು ಅದೊಂದನ್ನೇ ತಾಯಿ. ಎದ್ದು ಓಡಾಡೋರಿಗೆ ಅದು ಗೊತ್ತಾಗಲ್ಲ."

ಮೆನ್ನಾ ಧ್ವನಿಮುದ್ರಣ ಯಂತ್ರ ನಿಲ್ಲಿಸಿದಳು. ಮೇರಿಕ್ ಹೇಳಿಕೆಯನ್ನು ಅವನ ಮುಂದಕ್ಕೆ ಸರಿಸಿದ. ಟ್ರಾಂಟರ್ ಓದಲಿಲ್ಲ, ಕನ್ನಡಕ ತಂದಿಲ್ಲವೆಂದ. ಮೆನ್ನಾಳೇ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಆಕೆ ಮಲಗಿದ್ಮೇಲೆ ದೀಪ ಹಚ್ಚಿಕೊಂಡು ಚಾವಣಿ ನೋಡ್ತಿದ್ರಾ?"

ಅದಕ್ಕೆ ಉತ್ತರ ಮೆನ್ನಾಳಿಗೆ ಗೊತ್ತಿರಲಿಲ್ಲ. ಪೆನ್ನನ್ನು ಅವನತ್ತ ಸರಿಸಿ, ಸಹಿ ಹಾಕಬೇಕಾದ ಜಾಗ ತೋರಿಸಿದಳು.